ಟ್ರೇಲರಿನ ಹಿಂದಿನ ಕೆಂಪು ದೀಪ
(ಶಿರೋಳದಲ್ಲಿ ಟ್ರ್ಯಾಕ್ಟರ್ ಇರುವ ರೈತರೆದುರು ಮಾಡಿದ ಭಾಷಣ)



ಹೋದ ವರ್ಷ ಉಳ್ಳಾಗಡ್ಡಿ ಹೇರಿಕೊಂಡು ಸಂಜೆ ನರಗುಂದದ ಹೆದ್ದಾರಿಯಲ್ಲಿ ಹೊರಟಿದ್ದೆನು. ಬ್ರೇಕ್ ತುಳಿದೆನು, ಹಿಂದಿನ ದೀಪ ಹತ್ತಲಿಲ್ಲ. ಬೈಕಿನ ಮೇಲೆ ಬರುತ್ತಿದ್ದ ಹುಡುಗನೊಬ್ಬನು ಟ್ರೇಲರಿಗೆ ಬಡಿದು ಕಾಲು ಮುರಿದುಕೊಂಡನು. ಆಮೇಲೆ ನಾನು ಈ ಕೆಲಸ ಕಲಿತೆನು. ಮೊದಲೇ ಕಲಿಯಬೇಕಾಗಿತ್ತು.

ಬಲ್ಬು ಸುಟ್ಟಿರಲಿಲ್ಲ. ನಮ್ಮ ಹಳೆಯ ಟ್ರೇಲರುಗಳಲ್ಲಿ ದೀಪಕ್ಕೆ ಒಂದೇ ತಂತಿ ಎಳೆದು, ಅರ್ಥಿಂಗಿಗೆ ಕೊಂಡಿಯ ಕಬ್ಬಿಣವನ್ನೇ ನಂಬಿರುತ್ತೇವೆ. ಆ ಕೊಂಡಿಗೋ ತುಕ್ಕು, ಗ್ರೀಸು, ಎರೆಮಣ್ಣು! 21 ವ್ಯಾಟಿನ ಎರಡು ಬಲ್ಬುಗಳಿಗೆ 12 ವೋಲ್ಟಿನ ಬ್ಯಾಟರಿಯಿಂದ ಮೂರೂವರೆ ಆಂಪಿಯರ್ ಬೇಕು. ತುಕ್ಕಿನ ಮೂಲಕ ಅಷ್ಟು ಹಾಯದು. ಆದ್ದರಿಂದ ಟ್ರ್ಯಾಕ್ಟರಿನಿಂದ ಎರಡೂ ದೀಪಗಳವರೆಗೆ ಬೇರೆ ಅರ್ಥಿಂಗ್ ತಂತಿಯನ್ನು ಏಳು ಪಿನ್ನಿನ ಸಾಕೆಟ್ಟಿನ ಮೂಲಕ ಒಯ್ಯಿರಿ.

ಬ್ಯಾಟರಿಯ ತಂತಿ ಮೊದಲು ಫ್ಯೂಜಿಗೆ, ಅಲ್ಲಿಂದ ಪೆಡಲಿನ ಸ್ವಿಚ್ಚಿಗೆ, ಆಮೇಲೆ ದೀಪಕ್ಕೆ ಹೋಗಬೇಕು. ಫ್ಯೂಜಿನ ಜಾಗದಲ್ಲಿ ತಂತಿಯ ತುಂಡು ಕಟ್ಟುವವರಿದ್ದಾರೆ. ಟ್ರೇಲರಿನಲ್ಲಿ ಹತ್ತಿ ಇದ್ದಾಗ ಹಾಗೆ ಮಾಡುವುದು ಬೆಂಕಿಯನ್ನು ಜೊತೆಗೊಯ್ದಂತೆ.

ಸ್ವಿಚ್ಚು ಒಂದೇ ಪೆಡಲಿಗಿದ್ದರೆ, ಹೊಲದಿಂದ ರಸ್ತೆಗೆ ಬಂದೊಡನೆ ಎರಡೂ ಬ್ರೇಕ್ ಪೆಡಲುಗಳನ್ನು ಚಿಲಕ ಹಾಕಿ ಜೋಡಿಸಿರಿ. ಇಲ್ಲವಾದರೆ ಇನ್ನೊಂದನ್ನು ತುಳಿದಾಗ ದೀಪ ಹತ್ತದು.

ಈಗ ಹೊರಗೆ ನನ್ನ ಟ್ರೇಲರಿನ ಹತ್ತಿರ ಬನ್ನಿರಿ. ಒಬ್ಬರು ಪೆಡಲು ತುಳಿಯಿರಿ, ಉಳಿದವರು ಹಿಂದೆ ನಿಂತು ನೋಡಿರಿ.