ಹೆಸರೂ ಬೀಜವೂ
(ಮಹೋತ್ಸವದ ಕೃಷಿಗೋಷ್ಠಿಯಲ್ಲಿ ಮಾಡಿದ ಭಾಷಣ)



ಈ ಮಂಗಲ ಸಮಾರಂಭದಲ್ಲಿ ಬೇಸಾಯವನ್ನು ಕುರಿತು ಎರಡು ಮಾತುಗಳನ್ನು ಅರಿಕೆ ಮಾಡಿಕೊಳ್ಳಬೇಕೆಂದು ನನಗೆ ಅಪ್ಪಣೆಯಾಗಿದೆ. ದೂರದ ವಿಷಯವನ್ನೆತ್ತಿಕೊಳ್ಳದೆ, ನಮ್ಮ ಅಡಿಗೆಮನೆಯಲ್ಲಿಯೆ ಇರುವ ಬ್ಯಾಡಗಿ ಮೆಣಸಿನಕಾಯಿಯನ್ನು ಆರಿಸಿಕೊಂಡಿರುವೆನು.

ಮೆಣಸಿನಗಿಡವು ಮೂಲತಃ ಈ ನಾಡಿನದಲ್ಲ. ಅಮೇರಿಕಾ ಖಂಡದಲ್ಲಿ ಹುಟ್ಟಿ, ಪೋರ್ತುಗೀಜರ ಕಾಲದಲ್ಲಿ ಕಡಲು ದಾಟಿ ಬಂದುದು. ಆದರೆ ಹಾವೇರಿ, ಧಾರವಾಡ, ಗದಗ ಸೀಮೆಗಳ ಎರೆಭೂಮಿಯಲ್ಲಿ, ಮಳೆಯನ್ನೆ ನಂಬಿದ ರೈತನು ಒಳ್ಳೆಯ ಕಾಯಿಯ ಬೀಜವನ್ನಾಯ್ದು ತಲೆಮಾರುಗಳಿಂದ ಬಿತ್ತುತ್ತ ಬಂದುದರಿಂದ ಅದಕ್ಕೊಂದು ವಿಶೇಷ ಗುಣ ಒದಗಿತು. ಡಬ್ಬಿ, ಕಡ್ಡಿ ಎಂಬ ಈ ತಳಿಗಳ ಸಿಪ್ಪೆ ಸುಕ್ಕು, ಬಣ್ಣ ಬಹಳ, ಖಾರ ಸ್ವಲ್ಪ. ಆ ಬಣ್ಣದ ಸತ್ವವನ್ನು ತೆಗೆದು ತಿನಿಸುಗಳಲ್ಲಿಯೂ ಅಲಂಕಾರದ ಸಾಮಗ್ರಿಗಳಲ್ಲಿಯೂ ಬಳಸುವರು.

ಇಂತಹ ಹೆಸರುಗಳನ್ನು ಕಾಪಾಡುವುದಕ್ಕಾಗಿ ನಮ್ಮ ದೇಶದಲ್ಲಿ 1999ರಲ್ಲಿ ಭೌಗೋಳಿಕ ಗುರುತಿನ ಕಾಯಿದೆಯಾಯಿತು; 2003ರಲ್ಲಿ ಅದು ಜಾರಿಗೆ ಬಂದಿತು. ಮೊದಲು ಈ ಮನ್ನಣೆಯನ್ನು ಪಡೆದುದು ದಾರ್ಜಿಲಿಂಗದ ಚಹ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಅದು ದೊರೆಯಿತು. ಈ ಹಕ್ಕು ಒಬ್ಬನ ಸೊತ್ತಲ್ಲ. ಅದನ್ನು ಮಾರಲೂ ಬಾರದು. ಆ ಸೀಮೆಯ ಬೆಳೆಗಾರರೆಲ್ಲರಿಗೂ ಸೇರಿದುದು. ಹತ್ತು ವರ್ಷಗಳಿಗೊಮ್ಮೆ ಅದನ್ನು ನವೀಕರಿಸಬೇಕು.

ಆದರೆ ಮಹನೀಯರೆ, ಹೆಸರಿಗೆ ಕಾಯಿದೆಯ ಬೇಲಿಯುಂಟು, ಬೀಜಕ್ಕೆ ಬೇಲಿಯೆಲ್ಲಿ? ನಾಡತಳಿಯ ಇಳುವರಿ ಕಡಿಮೆ. ಎಲೆ ಮುಟುರುರೋಗದ ಕಾಟ ಹೆಚ್ಚು. ಆದುದರಿಂದ ರೈತನು ಹೈಬ್ರಿಡ್ ಬೀಜಕ್ಕೆ ಮನಸೋಲುವನು. ಸಾಲದ ಹೊರೆ ಹೊತ್ತವನನ್ನು ನಾನು ದೂರುವವನಲ್ಲ. ಆದರೆ ಆ ಕಾಯಿಯನ್ನು ಬ್ಯಾಡಗಿಯ ಹೆಸರಿನಲ್ಲಿ ಮಾರಿದರೆ ಮೋಸಹೋಗುವವನು ಕೊಳ್ಳುವವನೊಬ್ಬನೆ ಅಲ್ಲ. ನಿಜವಾದ ತಳಿಯನ್ನು ಕಾಯ್ದುಕೊಂಡ ನೆರೆಹೊಲದವನೂ ಬೆಲೆಯಿಲ್ಲದೆ ಅದನ್ನು ಕೈಬಿಡುವನು. ಬೀಜವಳಿದ ಮೇಲೆ ಹೆಸರು ಬರಿಯ ಚೀಟಿ.

ಇನ್ನೊಂದು ಅಪಾಯವು ವಿಷದ ಸಿಂಪರಣೆಯದು. 2021-22ರಲ್ಲಿ ಹೊರಗಿನಿಂದ ಬಂದ ಹೊಸ ಜಾತಿಯ ಥ್ರಿಪ್ಸ್ ನುಸಿಯು ದಕ್ಷಿಣದ ಮೆಣಸಿನ ಹೊಲಗಳನ್ನು ಹಾಳುಗೆಡವಿತು. ಮೇಲಿಂದ ಮೇಲೆ ಔಷಧ ಹೊಡೆದರೆ ನುಸಿಯನ್ನು ತಿನ್ನುವ ಹುಳುಗಳೂ ಸಾಯುವುವು. ವಿಷದ ಶೇಷವುಳಿದ ಕಾಯಿಯನ್ನು ಪರದೇಶದವರು ತಿರಸ್ಕರಿಸುವರು. ಇದಕ್ಕೆ ಹೊಸ ವಿದ್ಯೆಯೂ ಹಳೆಯ ವಿವೇಕವೂ ಕೂಡಿಯೆ ಪರಿಹಾರ ಹೇಳುತ್ತವೆ. ನೀಲಿಯ ಅಂಟುಬಲೆ, ಬೇವಿನಬೀಜದ ಕಷಾಯ, ಹೊಲದ ಸುತ್ತ ಗೋವಿನಜೋಳದ ಸಾಲು, ಎರೆಹುಳುವಿನ ಗೊಬ್ಬರ. ಉಳ್ಳಾಗಡ್ಡಿ, ಹತ್ತಿಗಳೊಡನೆ ಮೆಣಸನ್ನು ಬೆಳೆಯುವ ನಮ್ಮ ಹಿರಿಯರ ಪದ್ಧತಿ. ಕಾಯಿಯನ್ನು ಹಸಿನೆಲದ ಮೇಲೆ ಹರವದೆ ತಾಡಪತ್ರಿಯ ಮೇಲೆಯೋ ಬಿಸಿಲಿನ ಒಣಗುಮನೆಯಲ್ಲಿಯೋ ಒಣಗಿಸಿದರೆ ಬೂಷ್ಟಿನ ವಿಷವೂ ತಪ್ಪುವುದು.

ಆದುದರಿಂದ ನನ್ನ ವಿನಂತಿ ಮೂರು. ಊರೂರಿನ ಬೆಳೆಗಾರರು ಸಂಘವಾಗಿ ಅಧಿಕೃತ ಬಳಕೆದಾರರೆಂದು ಹೆಸರು ನೋಂದಿಸಲಿ. ಮಾರುಕಟ್ಟೆಯಲ್ಲಿ ನಾಡತಳಿಯ ರಾಶಿ ಬೇರೆ, ಹೈಬ್ರಿಡ್ಡಿನ ರಾಶಿ ಬೇರೆಯಾಗಲಿ. ಪ್ರತಿಯೊಬ್ಬ ರೈತನೂ ಒಂದು ಮಡಿಯಲ್ಲಾದರೂ ಶುದ್ಧಬೀಜವನ್ನು ಉಳಿಸಲಿ. ಸತ್ಯಶುದ್ಧವಾದ ಕಾಯಕವೆಂದರೆ ತಕ್ಕಡಿಯಲ್ಲಿ ಮಾತ್ರವಲ್ಲ, ಬಿತ್ತುವ ಬೀಜದಲ್ಲಿಯೂ ಕಾಣಬೇಕಾದುದು.