ಮೂರು ಕ್ಯಾಮೆರಾ, ಒಂದು ಖಾಲಿ ರೋಲ್

ನನ್ನ ಹತ್ರ ಇರೋ ಹಳೇ ಫಿಲ್ಮ್ ಕ್ಯಾಮೆರಾಗಳಲ್ಲಿ ಯಾವುದು ಬೆಸ್ಟು ಅಂತ ತುಂಬ ಜನ ಕೇಳ್ತಿದ್ರಿ. ಇವತ್ತು ಮೂರನ್ನ ಮುಂದಿಟ್ಕೊಂಡು ಕೂತಿದ್ದೀನಿ. ಲೆನ್ಸ್ ಎಷ್ಟು ಶಾರ್ಪು ಅನ್ನೋದು ಬೇಡ. ನಾವು ತಪ್ಪು ಮಾಡಿದಾಗ ಯಾವುದು ಎಚ್ಚರಿಸುತ್ತೆ, ಅದನ್ನ ನೋಡೋಣ.

ಮೊದಲನೆಯದು ಅಗ್ಫಾ ಕ್ಲಿಕ್ 3. ಭಾರತದಲ್ಲೇ ತಯಾರಾದದ್ದು. 120 ಫಿಲ್ಮ್ ಹಾಕಿದ್ರೆ 12 ಚೌಕ ಫೋಟೋ. ಹಿಂದೆ ಒಂದು ಕೆಂಪು ಕಿಂಡಿ ಇದೆ, ಫಿಲ್ಮ್ ತಿರುಗಿಸಿದಂತೆ ಅದರಲ್ಲಿ ನಂಬರ್ ಬರುತ್ತೆ. ಅಂದ್ರೆ ಫಿಲ್ಮ್ ಓಡ್ತಿರೋದು ಕಣ್ಣಿಗೇ ಕಾಣುತ್ತೆ.

ಎರಡನೆಯದು ಯಾಶಿಕಾ ಎಲೆಕ್ಟ್ರೋ 35. 1966ರಲ್ಲಿ ಬಂದ ಮಾದರಿ. ಅಪರ್ಚರ್ ನೀವು ಇಟ್ರೆ ಶಟರ್ ವೇಗ ಅದೇ ನೋಡ್ಕೊಳ್ಳುತ್ತೆ. ಹಳದಿ ದೀಪ ಬಂದ್ರೆ ಬೆಳಕು ಕಡಿಮೆ, ಕೈ ಅಲುಗಬಾರದು. ಕೆಂಪು ಬಂದ್ರೆ ಬೆಳಕು ಜಾಸ್ತಿ. ಇದಕ್ಕೆ ಬೇಕಾದ 5.6 ವೋಲ್ಟ್ ಮರ್ಕ್ಯುರಿ ಬ್ಯಾಟರಿ ಈಗ ತಯಾರಾಗಲ್ಲ. ನಾನು ಅಡಾಪ್ಟರ್ ಹಾಕಿ 6 ವೋಲ್ಟಿನದು ಬಳಸ್ತೀನಿ.

ಮೂರನೆಯದು ಪೆಂಟಾಕ್ಸ್ ಕೆ1000. 1976ರಿಂದ 1997ರವರೆಗೆ ತಯಾರಾಯ್ತು. ಬ್ಯಾಟರಿ ಸತ್ರೂ ಶಟರ್ ಕೆಲಸ ಮಾಡುತ್ತೆ. ಲೈಟ್ ಮೀಟರಿಗೆ ಮಾತ್ರ ಬ್ಯಾಟರಿ ಬೇಕು. ಮೀಟರಿಗೆ ಸ್ವಿಚ್ ಇಲ್ಲ, ಹಾಗಾಗಿ ಲೆನ್ಸಿಗೆ ಮುಚ್ಚಳ ಹಾಕಿಡಿ.

ಇದನ್ನೇ ನಂಬಿ ಅಪ್ಪನ ಕಿರಾಣಿ ಅಂಗಡಿ ಮುಚ್ಚೋ ದಿನ ತಗೊಂಡು ಹೋದೆ. ಫೋಟೋ ಅಂದ್ರೆ ಮುಖ ತಿರುಗಿಸೋ ಅಪ್ಪ ಅವತ್ತು ತಕ್ಕಡಿ ಹಿಂದೆ ನಿಂತ್ರು. 36 ದಾಟಿದ ಮೇಲೂ ಲಿವರ್ ಸಲೀಸಾಗಿ ಓಡ್ತಿತ್ತು. ಆಗ ಎದೆ ಧಸಕ್ಕಂತು. ಫಿಲ್ಮ್ ತುದಿ ಸ್ಪೂಲಿಗೆ ಸಿಕ್ಕೇ ಇರಲಿಲ್ಲ. ಕೌಂಟರ್ ಎಣಿಸಿದ್ದು ನಾನು ಲಿವರ್ ಎಳೆದದ್ದನ್ನ, ಫೋಟೋಗಳನ್ನಲ್ಲ. ಅಷ್ಟರಲ್ಲಿ ಬೋರ್ಡ್ ಇಳಿಸಿ, ಕಪಾಟುಗಳನ್ನ ಆಟೋಗೆ ಹಾಕಿಯಾಗಿತ್ತು.

'ಫೋಟೋ ಬಂತೇನೋ?' ಅಂತ ಅಪ್ಪ ಕೇಳಿದಾಗ, 'ಲ್ಯಾಬಿಗೆ ಕೊಟ್ಟಿದ್ದೀನಿ' ಅಂದೆ. ಒಂದು ವಾರ ಆ ಸುಳ್ಳು ಹೇಳಿಕೊಂಡೇ ಓಡಾಡಿದೆ. ಕೊನೆಗೆ ನಿಜ ಹೇಳಿದೆ. ಅವರು ಏನೂ ಮಾತಾಡಲಿಲ್ಲ.

ಹಾಗಾಗಿ ನೀವು ಒಂದು ಕೆಲಸ ಮಾಡಿ. ಫಿಲ್ಮ್ ಹಾಕಿ ಮುಚ್ಚಿದ ಮೇಲೆ ರೀವೈಂಡ್ ನಾಬನ್ನ ಮೆಲ್ಲಗೆ ತಿರುಗಿಸಿ ಸಡಿಲ ತೆಗೀರಿ. ಆಮೇಲೆ ಲಿವರ್ ಎಳೆದಾಗ ಆ ನಾಬ್ ಹಿಮ್ಮುಖವಾಗಿ ತಿರುಗಬೇಕು. ತಿರುಗದಿದ್ರೆ ಫಿಲ್ಮ್ ಓಡ್ತಿಲ್ಲ. ಕೆ1000 ಕೂಡ ಎಚ್ಚರಿಸುತ್ತೆ, ನಾನು ನೋಡಿರಲಿಲ್ಲ ಅಷ್ಟೇ.

ಹೋದ ಭಾನುವಾರ ಅಪ್ಪ ತಾವಾಗೇ ಆ ತಕ್ಕಡಿಯನ್ನ ಜಗಲಿಗೆ ತಂದಿಟ್ಟು ಕರೆದ್ರು. ಕೆ1000 ತಗೊಂಡು ಹೋದೆ. ಒಂದು ಫೋಟೋ ತೆಗೆದು ಲಿವರ್ ಎಳೆದೆ. ಅಪ್ಪ ಅಲ್ಲಿಂದಲೇ, 'ಆ ಗುಂಡಿ ತಿರುಗ್ತಾ ನೋಡೋ' ಅಂದ್ರು.

ತಿರುಗ್ತಿತ್ತು. ಮುಂದಿನ ಕಂತಿನಲ್ಲಿ ಸಿಗೋಣ.