ಭಿನ್ನಾಭಿಪ್ರಾಯದ ಮರ್ಯಾದೆ

ಒಂದೇ ಸೂರಿನ ಕೆಳಗೆ ಒಂದೇ ಕಾರ್ಯಕ್ಕಾಗಿ ದುಡಿಯುವವರ ನಡುವೆ ವಿರಸ ಹುಟ್ಟುವುದು ಅಸಹಜವೇನೂ ಅಲ್ಲ. ಬ್ಯಾಂಕಿನಲ್ಲಾಗಲಿ, ಶಾಲೆಯಲ್ಲಾಗಲಿ, ಆಸ್ಪತ್ರೆಯಲ್ಲಾಗಲಿ, ತಮ್ಮ ಕೆಲಸದಲ್ಲಿ ಶ್ರದ್ಧೆಯುಳ್ಳ ಇಬ್ಬರು ಜೊತೆಯಲ್ಲಿರುವ ಕಡೆ ಅಭಿಪ್ರಾಯಗಳು ಒಂದಕ್ಕೊಂದು ತಾಗದೆ ಇರಲಾರವು. ಕಾರ್ಯದ ವಿಷಯದಲ್ಲಿ ಉದಾಸೀನರಾದವರಲ್ಲಿ ಮಾತ್ರವೇ ಅಖಂಡವಾದ ಶಾಂತಿ ನೆಲೆಸಿರುವುದು. ಅಂಥ ಶಾಂತಿಯನ್ನು ಯಾವ ಸಂಸ್ಥೆಯೂ ಬಯಸಬಾರದು. ಹೀಗಿರುವಾಗ, ಬಂದೊದಗಿದ ವಿರೋಧವನ್ನು ಯಾವ ಮರ್ಯಾದೆಯಿಂದ ನಡೆಸಬೇಕೆಂಬುದೇ ವಿಚಾರಯೋಗ್ಯವಾದ ಸಂಗತಿ. ಇದಕ್ಕೆ ಸ್ವತಂತ್ರ ಭಾರತದ ಮೊದಲ ಮಂತ್ರಿಮಂಡಲದಲ್ಲಿಯೇ ಒಂದು ನಿದರ್ಶನವಿದೆ.

1947ರ ಡಿಸೆಂಬರ್ ತಿಂಗಳು. ದೇಶವಿಭಜನೆಯ ಗಾಯ ಇನ್ನೂ ಹಸಿಯಾಗಿದ್ದ ಆ ದಿನಗಳಲ್ಲಿ ಅಜ್ಮೇರದಲ್ಲಿ ಮತೀಯ ಗಲಭೆಗಳಾದವು. ಪ್ರಧಾನಮಂತ್ರಿ ಜವಾಹರಲಾಲ ನೆಹರೂ ಅವರು ಅಲ್ಲಿಗೆ ತಾವೇ ಹೋಗುವುದೆಂದು ನಿಶ್ಚಯಿಸಿದ್ದರೂ, ಬಂಧುವರ್ಗದಲ್ಲಿ ಒದಗಿದ ಒಂದು ಮರಣದ ಕಾರಣದಿಂದ ಹೋಗಲಾರದೆ, ತಮ್ಮ ಖಾಸಗಿ ಕಾರ್ಯದರ್ಶಿಗಳಾಗಿದ್ದ ಹೆಚ್. ವಿ. ಆರ್. ಅಯ್ಯಂಗಾರ್ಯರನ್ನು ಕಳುಹಿಸಿದರು. ಅಜ್ಮೇರದ ಆಡಳಿತವಾದರೋ ಗೃಹಮಂತ್ರಿ ಸರ್ದಾರ್ ವಲ್ಲಭಭಾಯಿ ಪಟೇಲರ ಇಲಾಖೆಗೆ ಸೇರಿದ್ದು. ಪ್ರಧಾನಿಯ ಕಾರ್ಯದರ್ಶಿಯೊಬ್ಬರು ಬಂದು ವಿಚಾರಣೆ ನಡೆಸಿದರೆ ಸ್ಥಳದ ಅಧಿಕಾರಿಗಳ ಮೇಲೆ ಸರ್ಕಾರಕ್ಕೇ ನಂಬಿಕೆಯಿಲ್ಲವೆಂಬ ಅರ್ಥ ಜನರಲ್ಲಿ ಹರಡುವುದಿಲ್ಲವೇ, ಎಂಬುದು ಸರ್ದಾರರ ಆಕ್ಷೇಪ. ಹೆಚ್ಚುಕಡಮೆ ಅದೇ ದಿನಗಳಲ್ಲಿ ಕಾಶ್ಮೀರದ ಕೆಲಸವನ್ನು ಎನ್. ಗೋಪಾಲಸ್ವಾಮಿ ಅಯ್ಯಂಗಾರ್ಯರು ನೋಡಿಕೊಳ್ಳತೊಡಗಿ, ಕೆಲವು ಏರ್ಪಾಡುಗಳು ಪಟೇಲರಿಗೆ ತಿಳಿಯದಂತೆಯೇ ನಡೆದುದರಿಂದ ಅಸಮಾಧಾನ ಇಮ್ಮಡಿಯಾಯಿತು. ರಾಜೀನಾಮೆಯ ಮಾತು ಬರೆವಣಿಗೆಗೂ ಇಳಿಯಿತು.

ಇಲ್ಲಿಂದ ಮುಂದೆ ಇಬ್ಬರೂ ನಡೆದುಕೊಂಡ ಬಗೆ ಅಭ್ಯಾಸಯೋಗ್ಯವಾದದ್ದು. 1948ರ ಜನವರಿ 6ರಂದು ನೆಹರೂ ಅವರು ಗಾಂಧೀಜಿಯವರಿಗೆ ಒಂದು ಟಿಪ್ಪಣಿಯನ್ನು ಬರೆದರು. ಅದನ್ನು ಓದಿ ಪಟೇಲರು ಜನವರಿ 12ರಂದು ತಮ್ಮ ಪ್ರತಿಟಿಪ್ಪಣಿಯನ್ನು ಬರೆದರು. ಇಬ್ಬರ ಮಾತೂ ಖಚಿತ. ಮಂತ್ರಿಮಂಡಲದ ಎಲ್ಲ ಕೆಲಸಗಳಿಗೂ ಪರಸ್ಪರ ಹೊಂದಾಣಿಕೆಯನ್ನು ತರುವ ಹೊಣೆ ಪ್ರಧಾನಿಯದಾಗಿರುವಾಗ, ಅಗತ್ಯ ಬಿದ್ದಲ್ಲಿ ಸ್ವತಂತ್ರವಾಗಿ ಕಾರ್ಯೋನ್ಮುಖನಾಗುವ ಅಧಿಕಾರ ಅವನಿಗಿರದಿದ್ದರೆ ಆ ಪದವಿಗೆ ಅರ್ಥವೇ ಇಲ್ಲವೆಂದು ನೆಹರೂ ವಾದಿಸಿದರು. ಪ್ರಧಾನಿಯು ಸಮಾನರಲ್ಲಿ ಮೊದಲಿಗನೇ ಹೊರತು ಸಹೋದ್ಯೋಗಿಗಳ ಅಧಿಕಾರವನ್ನು ಮೀರುವವನಲ್ಲ, ಒಂದೊಂದು ಇಲಾಖೆಗೂ ಅದರದರ ಮಂತ್ರಿಯೇ ಉತ್ತರವಾದಿ, ಇಲ್ಲವಾದರೆ ಪ್ರಧಾನಿಯ ಸ್ಥಾನ ಸರ್ವಾಧಿಕಾರಕ್ಕೆ ಸಮೀಪವಾಗುವುದು ಎಂದು ಪಟೇಲರು ಪ್ರತಿವಾದಿಸಿದರು. ಕಟುವಾದ ಭಿನ್ನಾಭಿಪ್ರಾಯವೇ ಸರಿ. ಆದರೆ ಇಬ್ಬರೂ ವಾದಕ್ಕೆಳೆದುಕೊಂಡದ್ದು ಒಂದು ಅಧಿಕಾರಸ್ಥಾನದ ಮೇರೆಯನ್ನು. ಎದುರಾಳಿಯ ಶೀಲವನ್ನು ಇಬ್ಬರೂ ಮುಟ್ಟಲಿಲ್ಲ. ನಮ್ಮ ಕಚೇರಿಗಳಲ್ಲಿ ಒಂದು ಕಡತದ ವಿಷಯವಾಗಿ ಮೊದಲಾದ ಮಾತು ಅರ್ಧಗಂಟೆಯೊಳಗೆ ಒಬ್ಬನ ಸ್ವಭಾವ, ಅವನ ಹಳೆಯ ತಪ್ಪು, ಅವನು ಯಾರ ಕಡೆಯವನೆಂಬ ವಿಚಾರಗಳಿಗೆ ಜಾರಿಹೋಗುವುದನ್ನು ಕಂಡವರಿಗೆ ಈ ಸಂಯಮದ ಬೆಲೆ ಗೊತ್ತಾದೀತು. ಯಾರ ಕೆಲಸ ಎಲ್ಲಿಗೆ ಮುಗಿದು ಇನ್ನೊಬ್ಬರ ಕೆಲಸ ಎಲ್ಲಿಂದ ಮೊದಲಾಗುವುದೆಂದು ಯಾರೂ ಬರೆದಿಡದೆ ಹೋದದ್ದರಿಂದಲೇ ಹುಟ್ಟಿದ ಜಗಳಗಳನ್ನು ನಾವು ಸ್ವಭಾವದೋಷದ ಜಗಳಗಳೆಂದು ತಿಳಿದು ವೃಥಾ ನೊಂದುಕೊಳ್ಳುತ್ತೇವೆ.

ನನ್ನ ಮನಸ್ಸನ್ನು ಎಲ್ಲಕ್ಕಿಂತ ಮಿಗಿಲಾಗಿ ತಟ್ಟಿದ ಅಂಶ ಬೇರೊಂದಿದೆ. ಒಮ್ಮತಕ್ಕೆ ಬರಲಾಗದೆ ಇಬ್ಬರಲ್ಲೊಬ್ಬರು ಸರ್ಕಾರವನ್ನು ಬಿಡಬೇಕಾಗಿ ಬಂದರೆ, ಬಿಡುವವನು ತಾನೇ ಆಗುವುದು ತನಗೆ ಇಷ್ಟವೆಂದು ನೆಹರೂ ಬರೆದರು. ಹೋಗಬೇಕಾದವನು ತಾನೇ, ಏಕೆಂದರೆ ತನಗೆ ವಯಸ್ಸಾಯಿತು, ಪ್ರಧಾನಿ ಇನ್ನೂ ಕಿರಿಯರು, ದೇಶದ ಸರ್ವಮಾನ್ಯ ನಾಯಕರು ಎಂದು ಪಟೇಲರು ಬರೆದರು. ತನ್ನ ಪಕ್ಷವೇ ನ್ಯಾಯವಾದದ್ದೆಂದು ದೃಢವಾಗಿ ನಂಬಿದವನು, ಆ ನಂಬಿಕೆಯನ್ನು ಕೂದಲೆಳೆಯಷ್ಟೂ ಸಡಿಲಿಸದೆಯೇ, ತ್ಯಾಗದ ಭಾಗವನ್ನು ಮಾತ್ರ ತನಗೆ ಇಟ್ಟುಕೊಳ್ಳುವುದು ಸಾಧ್ಯವೆಂಬುದನ್ನು ಆ ಎರಡು ಬರೆಹಗಳು ತೋರಿಸುತ್ತವೆ. ಎದುರಾಳಿಯನ್ನು ವರ್ಗಾವಣೆ ಮಾಡಿಸುವುದೇ ಜಯವೆಂದು ಭಾವಿಸುವ ಅಧಿಕಾರಿಗಳು ಇವನ್ನು ಒಮ್ಮೆ ಓದಬೇಕೆಂದು ನನ್ನ ಆಸೆ.

ಗಾಂಧೀಜಿ ಒಡನೆಯೇ ತೀರ್ಪು ಕೊಡಲಿಲ್ಲ. ಜನವರಿ 13ರಂದು ದೆಹಲಿಯ ಶಾಂತಿಗಾಗಿ ಅವರು ಉಪವಾಸವನ್ನು ಕೈಗೊಂಡರು. 18ರಂದು ಅದು ಮುಗಿಯಿತು. ಜನವರಿ 30ರ ಸಂಜೆ ನಾಲ್ಕು ಗಂಟೆಗೆ ಪಟೇಲರು ತಮ್ಮ ಮಗಳು ಮಣಿಬೆನ್ನರೊಡನೆ ಬಿರ್ಲಾ ಭವನಕ್ಕೆ ಬಂದರು. ಇಬ್ಬರಲ್ಲೊಬ್ಬರು ಹೊರಗಾಗುವುದೇ ಸರಿಯೆಂದು ಹಿಂದೊಮ್ಮೆ ತೋರಿದ್ದರೂ, ಈಗ ಇಬ್ಬರೂ ಸರ್ಕಾರಕ್ಕೆ ಅನಿವಾರ್ಯರೆಂಬ ನಿರ್ಣಯಕ್ಕೆ ತಾನು ಬಂದಿರುವುದಾಗಿ ಗಾಂಧೀಜಿ ಅವರಿಗೆ ತಿಳಿಸಿದರು; ಇದೇ ಮಾತನ್ನು ನೆಹರೂ ಅವರಿಗೂ ಹೇಳುವವರಿದ್ದರು. ಮಾತು ಬೆಳೆಯಿತು. ಸಮಯಪಾಲನೆಯಲ್ಲಿ ಅಷ್ಟು ಕಟ್ಟುನಿಟ್ಟಾಗಿದ್ದ ಮಹಾತ್ಮರು ಅಂದು ಪ್ರಾರ್ಥನೆಗೆ ತಡವಾಗಿ ಹೊರಟರು. ಆಮೇಲೆ ನಡೆದುದನ್ನು ಹೇಳಬೇಕಾಗಿಲ್ಲ. ಆ ರಾತ್ರಿ ಆಕಾಶವಾಣಿಯಿಂದ ದೇಶವನ್ನು ಉದ್ದೇಶಿಸಿ ನೆಹರೂ ಅವರೂ ಪಟೇಲರೂ ಇಬ್ಬರೂ ಮಾತನಾಡಿದರು.

ಮೂರನೆಯವರ ಬಳಿಗೆ ದೂರು ಹೋಗುವುದರಲ್ಲಿ ಎರಡು ವಿಧಗಳುಂಟು. ಮೇಲಧಿಕಾರಿಯ ಕೋಣೆಗೆ ಒಬ್ಬನೇ ಹೋಗಿ ಬಾಗಿಲು ಮುಚ್ಚಿಕೊಂಡು ಹೇಳಿದ್ದು ಚಾಡಿಯಾಗುತ್ತದೆ. ತಾನು ಹೇಳಿದ್ದನ್ನು ಪ್ರತಿಪಕ್ಷಿಯೂ ಓದಿ ಉತ್ತರ ಕೊಡಲೆಂದು ಅವಕಾಶವಿತ್ತು ಹೇಳಿದ್ದು ನ್ಯಾಯದ ಕೋರಿಕೆಯಾಗುತ್ತದೆ. ಇವರು ಎರಡನೆಯ ಹಾದಿಯನ್ನು ಹಿಡಿದರು. ಗುಸುಗುಸು ಮಾತುಗಳಿಗೆ ಆಗಲೂ ಕೊರತೆಯಿರಲಿಲ್ಲ. ಗಾಂಧೀಜಿಯವರ ಮರಣಾನಂತರ ಫೆಬ್ರವರಿ 3ರಂದು ನೆಹರೂ ಅವರು ಪಟೇಲರಿಗೆ ಬರೆದ ಪತ್ರದಲ್ಲಿ, ತಮ್ಮಿಬ್ಬರ ಭೇದವನ್ನು ಹಿಗ್ಗಿಸಿ ಹೇಳುವ ಪಿಸುಮಾತುಗಳ ವಿಷಯವಾಗಿ ವ್ಯಥೆಯಿಂದ ಪ್ರಸ್ತಾಪಿಸಿ, ದೀರ್ಘಕಾಲದ ಸ್ನೇಹವನ್ನು ನೆನೆದರು. ಪಟೇಲರ ಉತ್ತರ 5ರಂದು ಬಂತು. ಅದರಲ್ಲಿ ಅಷ್ಟೇ ಆರ್ದ್ರತೆ ಇತ್ತು.

ಅಲ್ಲಿಗೆ ಎಲ್ಲವೂ ಸರಿಹೋಯಿತೆಂದರೆ ಅದು ಸತ್ಯವಾಗದು. ಪ್ರಧಾನಿಯ ಅಧಿಕಾರದ ಮೇರೆ ಯಾವುದೆಂಬ ಮೂಲಪ್ರಶ್ನೆ ಅವರಿಬ್ಬರ ನಡುವೆ ಕಾಗದದ ಮೇಲೆ ತೀರ್ಮಾನವಾಗಲೇ ಇಲ್ಲ. ದುಃಖವು ಅದನ್ನು ಬದಿಗೆ ಸರಿಸಿತು, ಅಷ್ಟೇ. ಅಭಿಪ್ರಾಯಭೇದಗಳು ಮತ್ತೆ ಮತ್ತೆ ತಲೆಯೆತ್ತಿದವು. 1950ರ ಏಪ್ರಿಲ್‌ನಲ್ಲಿ ಪಾಕಿಸ್ತಾನದ ಲಿಯಾಕತ್ ಆಲಿ ಖಾನರೊಡನೆ ನೆಹರೂ ಮಾಡಿಕೊಂಡ ಒಪ್ಪಂದವನ್ನು ವಿರೋಧಿಸಿ ಶ್ಯಾಮಾಪ್ರಸಾದ ಮುಖರ್ಜಿಯವರೂ ಕೆ. ಸಿ. ನಿಯೋಗಿಯವರೂ ಮಂತ್ರಿಪದವಿಯನ್ನು ತ್ಯಜಿಸಿದರು. ಅವರದೂ ಪ್ರಾಮಾಣಿಕವಾದ ಒಂದು ದಾರಿಯೇ. ಪಟೇಲರಿಗೂ ಸಂದೇಹಗಳಿದ್ದುವು. ಆದರೆ ಒಪ್ಪಂದಕ್ಕೆ ಒಮ್ಮೆ ರುಜು ಬಿದ್ದ ಮೇಲೆ, ದೇಹಾರೋಗ್ಯ ಕೆಟ್ಟಿದ್ದರೂ ಅವರು ಕಲ್ಕತ್ತೆಗೆ ಹೋಗಿ, ಕುದಿಯುತ್ತಿದ್ದ ಬಂಗಾಳದ ಜನರೆದುರು ಆ ಒಪ್ಪಂದದ ಪರವಾಗಿ ಮಾತನಾಡಿದರು. ಅದೇ ವರ್ಷದ ನವೆಂಬರ್ 7ರಂದು, ಟಿಬೆಟ್ಟಿನ ಮತ್ತು ಚೀಣದ ವಿಷಯದಲ್ಲಿ ತಮಗಿದ್ದ ಆತಂಕವನ್ನೆಲ್ಲ ನೆಹರೂ ಅವರಿಗೆ ದೀರ್ಘವಾದ ಪತ್ರದಲ್ಲಿ ನಿಸ್ಸಂಕೋಚವಾಗಿ ಬರೆದರು. ನಿರ್ಣಯಕ್ಕೆ ಮೊದಲು ಪೂರ್ಣ ವಿರೋಧ, ನಿರ್ಣಯವಾದ ಬಳಿಕ ಪೂರ್ಣ ಸಹಕಾರ ಎಂಬ ಈ ನಡತೆ ಹೇಳುವುದಕ್ಕೆ ಸುಲಭ, ನಡೆಯುವುದಕ್ಕೆ ಅತಿ ಕಠಿನ. ಸಭೆಯಲ್ಲಿ ಮೌನವಾಗಿದ್ದು, ಹೊರಗೆ ಬಂದ ಮೇಲೆ ಕಾಫಿಯ ಮೇಜಿನ ಬಳಿ ಆಡಿಕೊಳ್ಳುವುದು ನಮ್ಮಲ್ಲಿ ಎಷ್ಟೋ ಜನರಿಗೆ ರೂಢಿಯಾಗಿಬಿಟ್ಟಿದೆ. ಒಂದು ತಂಡವನ್ನು ಒಳಗಿನಿಂದ ಕೊರೆಯುವ ಹುಳು ಇದೇ.

ಇನ್ನು ಅಜ್ಮೇರಕ್ಕೆ ಹೋಗಿದ್ದ ಆ ಅಧಿಕಾರಿ. ದೊಡ್ಡವರ ತಿಕ್ಕಾಟದಲ್ಲಿ ಕಿರಿಯನ ಬಾಳು ನುಗ್ಗಾಗುವುದು ಉದ್ಯೋಗಜಗತ್ತಿನ ಕ್ರೂರ ಪದ್ಧತಿ. ಆಜ್ಞೆಯನ್ನು ಪಾಲಿಸಿದ ತಪ್ಪಿಗಾಗಿ ಅವರನ್ನು ಎಲ್ಲಿಯಾದರೂ ಮೂಲೆಗೆ ತಳ್ಳಿದ್ದರೆ ಕೇಳುವವರಿರುತ್ತಿರಲಿಲ್ಲ. ಹಾಗಾಗಲಿಲ್ಲ. ಹೆಚ್. ವಿ. ಆರ್. ಅಯ್ಯಂಗಾರ್ಯರು ಮುಂದೆ ಗೃಹಖಾತೆಗೇ ಕಾರ್ಯದರ್ಶಿಗಳಾಗಿ ಬಂದರು. 1950ರ ಡಿಸೆಂಬರ್ 15ರಂದು ಸರ್ದಾರರು ಮುಂಬಯಿಯಲ್ಲಿ ತೀರಿಕೊಂಡಾಗ ಅವರ ಇಲಾಖೆಯ ಕಾರ್ಯದರ್ಶಿಗಳಾಗಿ ಇದ್ದವರು ಇವರೇ.